ಮೂರು ಬ್ರೌಸರ್ ಇದ್ದವು, ಒಂದರಲ್ಲೂ ಪುಟ ಬರುತ್ತಿರಲಿಲ್ಲ: ದಾವಣಗೆರೆಯ ಒಂದು ಮನೆಯ ಕಂಪ್ಯೂಟರ್ ಪ್ರಕರಣ

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನ ಸೋದರಮಾವನ ಮನೆ ಇದೆ. ಮಾವ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕೆಲಸದಲ್ಲಿದ್ದಾಗಿನಿಂದಲೂ ಚನ್ನಗಿರಿ, ಸಂತೇಬೆನ್ನೂರು ಕಡೆಯ ಹಳ್ಳಿಗಳಿಗೆ ಹೋಗಿ ಅಜ್ಜಿಯರ ಬಾಯಿಂದ ಸೋಬಾನೆ ಪದ, ಬೀಸೋ ಪದಗಳನ್ನು ಬರೆದುಕೊಂಡು ಬಂದಿದ್ದಾರೆ. ಅದನ್ನೆಲ್ಲ ಈಗ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಪುಸ್ತಕ ಮಾಡಿಸಬೇಕು ಅನ್ನೋದು ಅವರ ಆಸೆ. ಹಾಡಿದವರಲ್ಲಿ ಬಹಳ ಜನ ಈಗ ಇಲ್ಲ. ಆ ಫೈಲುಗಳು ಹೋದರೆ ಮತ್ತೆ ಕೇಳಿ ಬರೆದುಕೊಳ್ಳೋಕೆ ಆಗೋದಿಲ್ಲ.

ಬೇಸಿಗೆಯ ಒಂದು ಸಂಜೆ ಮಾವ ಫೋನ್ ಮಾಡಿದರು. "ಹದಿನೈದು ದಿನ ಆಯ್ತಮ್ಮ, ಕಂಪ್ಯೂಟರಿನಲ್ಲಿ ಒಂದು ಪುಟಾನೂ ಬರ್ತಿಲ್ಲ. ಪ್ರೆಸ್ಸಿನವರಿಗೆ ಪದಗಳ ಫೈಲ್ ಮೇಲ್ ಮಾಡಬೇಕು. ಅಂಗಡಿಯವರು ಫಾರ್ಮ್ಯಾಟ್ ಹೊಡೀಬೇಕು ಅಂತಾರೆ. ಹೊಡೆಸಿಬಿಡಲಾ?"

"ಬೇಡ ಮಾವ. ಏನೂ ಮುಟ್ಟಬೇಡಿ, ನಾನೇ ಬರ್ತೀನಿ" ಅಂದೆ.

ನಾನು ಇದೇ ಊರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಪುಟ ತೆರೆಯದ ಕಂಪ್ಯೂಟರ್ ನನಗೆ ಹೊಸದಲ್ಲ. ಆದರೂ ಈ ಒಂದು ಪ್ರಕರಣವನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಇಲ್ಲಿ ಒಂದರ ಹಿಂದೆ ಒಂದು ಅಡಗಿ ಮೂರು ದೋಷಗಳಿದ್ದವು. ಅದರಲ್ಲಿ ಒಂದಂತೂ ಕಂಪ್ಯೂಟರನ್ನು ರಿಪೇರಿಗೆ ಒಯ್ದಿದ್ದರಿಂದಲೇ ಹೊರಗೆ ಬಂದಿತ್ತು.

ಕೇಳಿದ್ದು

ಮೊದಲ ಅರ್ಧ ಗಂಟೆ ನಾನು ಕೀಬೋರ್ಡ್ ಮುಟ್ಟಲಿಲ್ಲ. ಅತ್ತೆ ಒಗ್ಗರಣೆ ಮಂಡಕ್ಕಿ ತಂದಿಟ್ಟರು. ತಿನ್ನುತ್ತಾ ನಡೆದದ್ದನ್ನೆಲ್ಲ ಕೇಳಿದೆ.

ರಜೆಗೆ ಬಂದಿದ್ದ ಮೊಮ್ಮಗ ಒಂದು ಉಚಿತ ಸಾಫ್ಟ್‌ವೇರ್ ಹಾಕಿದ್ದ. ಹಳೇ ರೆಕಾರ್ಡಿಂಗುಗಳನ್ನು ಎಂಪಿ3 ಮಾಡೋಕೆ ಅಂತ. ಅವತ್ತಿನಿಂದ ಯಾವ ಪುಟ ತೆರೆದರೂ ಜಾಹೀರಾತು ಜಾಸ್ತಿ ಆಗಿತ್ತು. ಹತ್ತು ದಿನ ಕಳೆದ ಮೇಲೆ ಆ್ಯಂಟಿವೈರಸ್ "ಒಂದು ಅಪಾಯಕಾರಿ ಪ್ರೋಗ್ರಾಂ ತೆಗೆದುಹಾಕಿದ್ದೇವೆ" ಅಂತ ತೋರಿಸಿತು. ಮಾವನಿಗೆ ಖುಷಿಯಾಯಿತು. ಮಾರನೇ ದಿನದಿಂದ ಪುಟ ಬರೋದೇ ನಿಂತಿತು.

ಪಕ್ಕದ ಮನೆ ಹುಡುಗ ಬಂದು ಹಿಸ್ಟರಿ ಕ್ಲಿಯರ್ ಮಾಡಿದ. ಎಲ್ಲ ಚೌಕಕ್ಕೂ ಟಿಕ್ ಹಾಕಿ ಅಳಿಸಿದ್ದರಿಂದ ಉಳಿಸಿಟ್ಟ ಪಾಸ್‌ವರ್ಡುಗಳೂ ಹೋದವು. ಪುಣ್ಯಕ್ಕೆ ಮೇಲ್ ಪಾಸ್‌ವರ್ಡ್ ಡೈರಿಯಲ್ಲಿತ್ತು. ಆಮೇಲೆ ಸಿಪಿಯು ಪೇಟೆಯ ಒಂದು ಅಂಗಡಿಗೆ ಹೋಯಿತು, ಎರಡು ದಿನ ಅಲ್ಲೇ ಇತ್ತು. ಅಲ್ಲಿ ಕ್ರೋಮ್ ತೆಗೆದು ಮತ್ತೆ ಹಾಕಿದರು, ನೆಟ್‌ವರ್ಕ್ ರೀಸೆಟ್ ಮಾಡಿದರು. ಉಪಯೋಗ ಆಗಲಿಲ್ಲ. ಇನ್ನು ಫಾರ್ಮ್ಯಾಟ್ ಒಂದೇ ದಾರಿ ಅಂದರು.

ನಡುವೆ ಅತ್ತೆ ಒಂದು ಮಾತು ಹೇಳಿದರು. "ಅಂಗಡಿಯಿಂದ ಬಂದ ಮೇಲೆ ಆನ್ ಮಾಡಿದಾಗಲೆಲ್ಲ ಕಪ್ಪು ಪರದೆ ಬಂದು ಎಫ್1 ಒತ್ತು ಅಂತದೆ ನೋಡು." ನಾನು ಹೂಂ ಅಂದು ಮುಂದಿನದು ಕೇಳಿದೆ. ಅಲ್ಲೇ ನಿಲ್ಲಬೇಕಿತ್ತು. ಇಡೀ ಮನೆಯಲ್ಲಿ ಎರಡನೇ ದೋಷವನ್ನು ಗುರುತಿಸಿದ್ದವರು ಅತ್ತೆ ಒಬ್ಬರೇ.

ಮುಟ್ಟುವ ಮೊದಲು

ಬ್ರೌಸರ್ ತೆರೆಯುವ ಮೊದಲು ಒಂದು ಪೆನ್‌ಡ್ರೈವ್ ಹಾಕಿ ಮಾವನ ಪದಗಳ ಫೋಲ್ಡರ್ ನಕಲು ಮಾಡಿಕೊಂಡೆ. ಅವರು ಎಲ್ಲವನ್ನೂ ಡೆಸ್ಕ್‌ಟಾಪಿನ ಮೇಲೆ ಇಟ್ಟಿದ್ದರು. ಕಣ್ಣೆದುರು ಇರುತ್ತೆ, ಹಾಗಾಗಿ ಭದ್ರ ಅನ್ನೋ ನಂಬಿಕೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನ ಒಳಗೆ. ಫಾರ್ಮ್ಯಾಟ್ ಹೊಡೆದಾಗ ಮೊದಲು ಅಳಿಯುವುದು ಅದೇ. ನುಡಿಯ ಹಳೇ ಫಾಂಟುಗಳನ್ನೂ ನಕಲು ಮಾಡಿದೆ. ಯೂನಿಕೋಡ್ ಅಲ್ಲದ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಫೈಲು ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಹದಿನೈದು ನಿಮಿಷದ ಕೆಲಸ. ಅದು ಮುಗಿದ ಮೇಲೆ ನನ್ನ ಕೈ ನಿರಾಳವಾಯಿತು.

ಆಮೇಲೆ ಮಾವನ ಫೋನು ತಗೊಂಡು ಮೊಬೈಲ್ ಡೇಟಾ ಆಫ್ ಮಾಡಿದೆ. ಬರೀ ಮನೆಯ ವೈಫೈನಲ್ಲಿ ಒಂದು ಸುದ್ದಿ ಪುಟ ತೆರೆದೆ. ಥಟ್ಟನೆ ಬಂತು. ಡೇಟಾ ಆಫ್ ಮಾಡೋದನ್ನು ಬಹಳ ಜನ ಮರೆಯುತ್ತಾರೆ. ವೈಫೈನಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೊರಳಿಕೊಳ್ಳುತ್ತದೆ, ನಾವು ವೈಫೈ ಸರಿ ಇದೆ ಅಂದುಕೊಂಡುಬಿಡುತ್ತೇವೆ. ಇಲ್ಲಿ ಲೈನು, ರೂಟರ್ ಎರಡೂ ಚೆನ್ನಾಗಿವೆ ಅಂತ ಖಚಿತವಾಯಿತು.

ಇನ್ನು ಕಂಪ್ಯೂಟರ್. ಕಪ್ಪು ಕಮಾಂಡ್ ಕಿಟಕಿ ತೆರೆದು ಗೂಗಲ್‌ನ 8.8.8.8 ಅನ್ನೋ ವಿಳಾಸಕ್ಕೆ ಪಿಂಗ್ ಮಾಡಿದೆ, ಅಂದರೆ 'ಇದ್ದೀಯಾ' ಅಂತ ಕೇಳುವ ಪುಟ್ಟ ಸಂದೇಶ ಕಳಿಸಿದೆ. ನಾಲ್ಕಕ್ಕೆ ನಾಲ್ಕೂ ಉತ್ತರ ಬಂದವು. ಅಂದರೆ ಈ ಯಂತ್ರದಿಂದ ಹೊರಗಿನ ಲೋಕಕ್ಕೆ ದಾರಿ ಇದೆ. ಮುಂದೆ ಅಂಕಿ ಬಿಟ್ಟು ಹೆಸರಿಗೆ ಪಿಂಗ್ ಮಾಡಿದೆ, ಗೂಗಲ್ ಡಾಟ್ ಕಾಮ್‌ಗೆ. ಅದಕ್ಕೂ ಉತ್ತರ ಬಂತು. ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಾಯಿಸಿಕೊಡುವ ಡಿಎನ್‌ಎಸ್ ಕೂಡ ಸರಿ ಇದೆ ಅಂತಾಯಿತು. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದೇ ಇದ್ದಿದ್ದರೆ ನಾನು ಡಿಎನ್‌ಎಸ್ ಕಡೆ ಹೋಗುತ್ತಿದ್ದೆ.

ಕೆಲವು ಪುಟ ಬಂದು ಕೆಲವು ಅರ್ಧಕ್ಕೇ ನಿಲ್ಲುತ್ತಿದ್ದರೆ ಇನ್ನೊಂದು ಕಡೆ ನೋಡಬೇಕಾಗುತ್ತಿತ್ತು. ಕೇಬಲ್ ಜಾಲದಲ್ಲಿ, ಅಂದರೆ ಈಥರ್ನೆಟ್ಟಿನಲ್ಲಿ, ಮಾಹಿತಿಯ ಒಂದು ಪೊಟ್ಟಣ 1500 ಬೈಟ್ ಹಿಡಿಯುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಜೋಡಿಸುವ ಪಿಪಿಪಿಒಇ ಲೈನಿನಲ್ಲಿ 8 ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ. ಈ ಲೆಕ್ಕ ಎಲ್ಲಾದರೂ ತಪ್ಪಿದರೆ ಹಗುರ ಪುಟಗಳು ಬರುತ್ತವೆ, ಭಾರದ ಪುಟಗಳು ಸುತ್ತುತ್ತಲೇ ಇರುತ್ತವೆ. ಮಾವನ ಮನೆಯಲ್ಲಿ ಒಂದು ಪುಟವೂ ಬರುತ್ತಿರಲಿಲ್ಲವಾದ್ದರಿಂದ ಇದನ್ನು ಬಿಟ್ಟೆ.

ಮೂರಕ್ಕೂ ಸೇರಿದ್ದು ಏನು?

ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ಆ ಕಂಪ್ಯೂಟರಿನಲ್ಲಿದ್ದವು. ಮೂರರಲ್ಲೂ ಪುಟ ಇಲ್ಲ. ಕ್ರೋಮ್ ಮತ್ತು ಎಡ್ಜ್ ಎರಡನ್ನು ನೋಡಿ "ಎರಡು ಬ್ರೌಸರಿನಲ್ಲೂ ನೋಡಿದೆ" ಅನ್ನೋದು ಸಾಲದು. 2020ರ ಜನವರಿಯಿಂದ ಎಡ್ಜ್ ಕೂಡ ಕ್ರೋಮಿನ ಹಾಗೆ ಕ್ರೋಮಿಯಂ ತಳಹದಿಯ ಮೇಲೇ ಇದೆ. ಫೈರ್‌ಫಾಕ್ಸಿನ ಎಂಜಿನ್ ಬೇರೆ, ತಾಣಗಳ ಗುರುತು ಖಚಿತಪಡಿಸುವ ಪ್ರಮಾಣಪತ್ರಗಳ ಪಟ್ಟಿ ಕೂಡ ಅದರದೇ. ಅದೂ ಸೋತಿದೆ ಅಂದರೆ ದೋಷ ಯಾವ ಬ್ರೌಸರಿನ ಒಳಗೂ ಇಲ್ಲ. ಕ್ರೋಮ್ ತೆಗೆದು ಹಾಕಿದ್ದು ಯಾಕೆ ಫಲ ಕೊಡಲಿಲ್ಲ ಅನ್ನೋದಕ್ಕೆ ಉತ್ತರ ಇದೇ.

ಹಾಗಾದರೆ ಮೂರೂ ಬ್ರೌಸರುಗಳು ಹಂಚಿಕೊಳ್ಳುವ, ಆದರೆ ಪಿಂಗ್ ಬಳಸದ ವಸ್ತು ಯಾವುದು? ಬ್ರೌಸರಿಗೂ ಇಂಟರ್ನೆಟ್ಟಿಗೂ ನಡುವೆ ಒಬ್ಬ ಮಧ್ಯವರ್ತಿಯನ್ನು ನಿಲ್ಲಿಸುವ ವಿಂಡೋಸಿನ ಪ್ರಾಕ್ಸಿ ಸೆಟ್ಟಿಂಗ್ ಇರಬಹುದು, ಆ್ಯಂಟಿವೈರಸ್ಸಿನ ವೆಬ್ ಜರಡಿ ಇರಬಹುದು, ಕಂಪ್ಯೂಟರಿನ ಗಡಿಯಾರ ಇರಬಹುದು. ನನ್ನ ಪಟ್ಟಿ ಇಷ್ಟಕ್ಕೆ ಇಳಿಯಿತು.

ಇನ್ನು ಊಹೆ ಮಾಡುವ ಅಗತ್ಯವೂ ಇರಲಿಲ್ಲ. ಉತ್ತರ ಹದಿನೈದು ದಿನದಿಂದ ಪರದೆಯ ಮೇಲೇ ಇತ್ತು. ಕ್ರೋಮಿನಲ್ಲಿ ದೊಡ್ಡ ಅಕ್ಷರದಲ್ಲಿ 'ನೋ ಇಂಟರ್ನೆಟ್'. ಅದನ್ನು ನೋಡಿದವರೆಲ್ಲ ನೆಟ್ ಇಲ್ಲ ಅಂದುಕೊಂಡಿದ್ದರು, ಮಾವ ಎರಡು ಸಲ ನೆಟ್ ಕಂಪನಿಗೂ ಫೋನ್ ಮಾಡಿದ್ದರು. ಅದರ ಕೆಳಗೆ ಸಣ್ಣದಾಗಿ, ಬೂದು ಬಣ್ಣದಲ್ಲಿ ಇನ್ನೊಂದು ಸಾಲು: 'ಎರರ್ ಪ್ರಾಕ್ಸಿ ಕನೆಕ್ಷನ್ ಫೇಲ್ಡ್'. ಆ ಸಣ್ಣ ಸಾಲೇ ಮುಖ್ಯ. ಅದರಲ್ಲಿ ಡಿಎನ್‌ಎಸ್ ಅಂತಿದ್ದರೆ ಹೆಸರು ಹುಡುಕೋದರಲ್ಲಿ ತೊಂದರೆ. ಸರ್ಟ್ ಅಂತಿದ್ದರೆ ಪ್ರಮಾಣಪತ್ರದ ತೊಂದರೆ. ಟೈಮ್ಡ್ ಔಟ್ ಅಂದರೆ ಕೇಳಿದ್ದಕ್ಕೆ ಆ ಕಡೆಯಿಂದ ಉತ್ತರವೇ ಬರಲಿಲ್ಲ ಅಂತ. ಪ್ರಾಕ್ಸಿ ಅಂತಿದ್ದರೆ ನಡುವೆ ಯಾರನ್ನೋ ನಿಲ್ಲಿಸಲಾಗಿದೆ, ಅವರು ಸಿಗುತ್ತಿಲ್ಲ.

ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಅದರೊಳಗೆ ಪ್ರಾಕ್ಸಿ ನೋಡಿದೆ. 'ಯೂಸ್ ಎ ಪ್ರಾಕ್ಸಿ ಸರ್ವರ್' ಆನ್ ಆಗಿತ್ತು. ವಿಳಾಸ 127.0.0.1, ಪೋರ್ಟ್ 8080. ಈ 127.0.0.1 ಅನ್ನೋದು ಹೊರಗಿನ ಯಾವುದೋ ಯಂತ್ರದ ವಿಳಾಸ ಅಲ್ಲ. ಪ್ರತಿ ಕಂಪ್ಯೂಟರ್ ತನ್ನನ್ನು ತಾನು ಕರೆದುಕೊಳ್ಳುವ ವಿಳಾಸ.

ಮಾವನಿಗೆ ಹೀಗೆ ಹೇಳಿದೆ. "ಮನೆಗೆ ಒಬ್ಬ ಆಳು ಬಂದ ಅಂತ ಇಟ್ಕೊಳ್ಳಿ. ಹೊರಗೆ ಹೋಗೋ ಕಾಗದ ಎಲ್ಲ ನನ್ನ ಕೈಗೇ ಕೊಡಬೇಕು ಅಂತ ಬಾಗಿಲಲ್ಲಿ ಚೀಟಿ ಅಂಟಿಸಿದ. ಒಂದೊಂದು ಕಾಗದದ ಒಳಗೂ ತನ್ನ ಜಾಹೀರಾತು ತುರುಕಿ ಕಳಿಸ್ತಿದ್ದ. ಆ್ಯಂಟಿವೈರಸ್ ಅವನನ್ನು ಹಿಡಿದು ಹೊರಗೆ ಹಾಕ್ತು. ಆದರೆ ಚೀಟಿ ಕಿತ್ತು ಹಾಕಲಿಲ್ಲ. ಈಗ ಮನೆಯವರೆಲ್ಲ ಕಾಗದ ಹಿಡ್ಕೊಂಡು ಬಾಗಿಲಲ್ಲಿ ನಿಂತಿದಾರೆ, ಇಸ್ಕೊಳ್ಳೋರು ಯಾರೂ ಇಲ್ಲ."

ಮಾವ ನಕ್ಕರು. "ಪಿಂಗ್ ಹೆಂಗೆ ಹೋಯ್ತು ಮತ್ತೆ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಪಿಂಗ್ ಆ ಚೀಟಿ ನೋಡೋದೇ ಇಲ್ಲ. ಪ್ರಾಕ್ಸಿ ಸೆಟ್ಟಿಂಗ್ ಬ್ರೌಸರಿಗೆ ಮತ್ತು ಅದನ್ನು ಕೇಳಿ ನಡೆಯುವ ಪ್ರೋಗ್ರಾಮುಗಳಿಗೆ ಮಾತ್ರ.

ವಿಂಡೋಸಿನ ಸೆಟ್ಟಿಂಗ್ ಬದಲಾಯಿಸುವ ಮೊದಲು ಒಂದು ಪರೀಕ್ಷೆ ಮಾಡಿದೆ. ಫೈರ್‌ಫಾಕ್ಸ್ ಮಾಮೂಲಾಗಿ ವಿಂಡೋಸ್ ಹೇಳಿದ ಪ್ರಾಕ್ಸಿಯನ್ನೇ ಅನುಸರಿಸುತ್ತದೆ, ಆದರೆ ಅದರ ಸೆಟ್ಟಿಂಗ್ಸ್ ಒಳಗೆ 'ನೋ ಪ್ರಾಕ್ಸಿ' ಅಂತ ಆರಿಸಿಕೊಳ್ಳಬಹುದು. ಬೇರೆ ಏನನ್ನೂ ಕೆಡಿಸದೆ ಅನುಮಾನ ಸರಿಯೋ ತಪ್ಪೋ ನೋಡೋಕೆ ಇದು ನನಗೆ ಬಹಳ ಇಷ್ಟವಾದ ದಾರಿ. ಆರಿಸಿದೆ. ಪುಟ ಮತ್ತೆ ಕೇಳಿದೆ.

ಬರಲಿಲ್ಲ. ಬೇರೆ ಎಚ್ಚರಿಕೆ ಬಂತು.

ಎರಡನೇ ದೋಷ

ಮಾವನ ಮುಖ ಸಣ್ಣದಾಯಿತು. "ಇದೇನಮ್ಮ, ಬೇರೆ ರೋಗ ಶುರುವಾಯ್ತಲ್ಲ." ನನಗೆ ಮಾತ್ರ ಆಗ ಧೈರ್ಯ ಬಂತು. ಮಾತು ಬದಲಾಗಿದೆ ಅಂದರೆ ನಾವು ಮೊದಲನೇ ಬಾಗಿಲು ದಾಟಿ ಎರಡನೇ ಬಾಗಿಲ ಹತ್ತಿರ ಬಂದಿದ್ದೇವೆ. ಬಹಳ ಜನ ಈ ಜಾಗದಲ್ಲೇ ಸೋತು, ಮಾಡಿದ್ದನ್ನು ಹಿಂದಕ್ಕೆ ತಿರುಗಿಸಿಬಿಡುತ್ತಾರೆ. ಪುಟ ಬರಲಿಲ್ಲ ಅನ್ನೋದೊಂದೇ ಅವರಿಗೆ ಕಾಣುತ್ತದೆ.

ಹೊಸ ಎಚ್ಚರಿಕೆ ಹೇಳುತ್ತಿದ್ದದ್ದು ಇದು: ಈ ತಾಣದ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ, ನಿಮ್ಮ ಕಂಪ್ಯೂಟರಿನ ಗಡಿಯಾರ ನೋಡಿಕೊಳ್ಳಿ. ಮೂಲೆಯ ಗಡಿಯಾರ ನೋಡಿದೆ. 2015ರ ಜನವರಿ! ಅತ್ತೆ ಹೇಳಿದ ಎಫ್1 ಆಗ ನೆನಪಾಯಿತು.

ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗಲೂ ದಿನಾಂಕ, ಸಮಯ ಓಡುತ್ತಿರಲಿ ಅಂತ ಅದು. ಪ್ಲಗ್ ಗೋಡೆಯಲ್ಲಿದ್ದು ಸ್ವಿಚ್ ಆನ್ ಇರುವಷ್ಟು ಕಾಲ, ಕಂಪ್ಯೂಟರ್ ಆಫ್ ಇದ್ದರೂ ವಿದ್ಯುತ್ ಪೂರೈಸುವ ಪೆಟ್ಟಿಗೆ ಎಸ್‌ಎಂಪಿಎಸ್‌ನಿಂದ ಒಂದು ಸಣ್ಣ ವಿದ್ಯುತ್ ಬೋರ್ಡಿಗೆ ಹೋಗುತ್ತಿರುತ್ತದೆ. ಸೆಲ್‌ಗೆ ಕೆಲಸವೇ ಇರುವುದಿಲ್ಲ. ಮಾವನ ಮನೆಯಲ್ಲಿ ಯುಪಿಎಸ್ ಇದೆ, ಅದನ್ನು ಅವರು ಆರಿಸುತ್ತಿರಲಿಲ್ಲ. ಸೆಲ್ ಯಾವತ್ತೋ ಸತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಅಂಗಡಿಗೆ ಒಯ್ಯೋಕೆ ಪ್ಲಗ್ ಕಿತ್ತರಲ್ಲ, ಆ ಕ್ಷಣದಿಂದ ಗಡಿಯಾರಕ್ಕೆ ದಿಕ್ಕಿಲ್ಲದಾಯಿತು. ಮತ್ತೆ ಆನ್ ಮಾಡಿದಾಗ ಬೋರ್ಡಿನ ಕಾರ್ಖಾನೆ ದಿನಾಂಕದಿಂದ ಎಣಿಕೆ ಶುರುವಾಯಿತು.

ಗಡಿಯಾರಕ್ಕೂ ಪುಟಕ್ಕೂ ಏನು ಸಂಬಂಧ ಅಂತ ಮಾವ ಕೇಳಿದರು. ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ ಗುಪ್ತ ಸಂಕೇತದ ಸುರಕ್ಷಿತ ಸಂಪರ್ಕದಲ್ಲಿ, ನಡೆಯುವ ಪ್ರತಿ ತಾಣವೂ ಬ್ರೌಸರಿಗೆ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದಿರುತ್ತದೆ. ಬ್ರೌಸರ್ ಅದನ್ನು ಕಂಪ್ಯೂಟರಿನ ಗಡಿಯಾರದ ಜೊತೆ ಹೋಲಿಸುತ್ತದೆ. 2015ರಲ್ಲಿ ಕೂತಿರುವ ಕಂಪ್ಯೂಟರಿಗೆ ಈಗಿನ ಪತ್ರಗಳೆಲ್ಲ ಇನ್ನೂ ಹುಟ್ಟದೇ ಇರುವ ಪತ್ರಗಳು. ಅದು ಒಪ್ಪದೇ ಇರುವುದು ಸರಿಯಾಗಿಯೇ ಇದೆ.

ಈ ತೊಂದರೆ ಮುಂದೆ ಜಾಸ್ತಿ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಮೊದಲೆಲ್ಲ ಪ್ರಮಾಣಪತ್ರಗಳಿಗೆ ಎರಡು ಮೂರು ವರ್ಷದ ಆಯಸ್ಸಿತ್ತು, ಗಡಿಯಾರ ಕೆಲವು ತಿಂಗಳು ಹಿಂದೆ ಇದ್ದರೂ ಬಹಳಷ್ಟು ತಾಣ ನಡೆಯುತ್ತಿದ್ದವು. 2020ರ ಸೆಪ್ಟೆಂಬರ್ 1ರಿಂದ ಅದು ಹೆಚ್ಚೆಂದರೆ 398 ದಿನ ಆಯಿತು. ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಮತ್ತು ಬ್ರೌಸರ್ ಕಂಪನಿಗಳು ಸೇರಿದ ಸಿಎ ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಇನ್ನೂ ಇಳಿಸಲು ತೀರ್ಮಾನಿಸಿತು. 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ. ಆಗ ಗಡಿಯಾರ ಒಂದೆರಡು ತಿಂಗಳು ತಪ್ಪಿದರೂ ಸಾಕು, ಪುಟಗಳು ಮುಚ್ಚಿಕೊಳ್ಳುತ್ತವೆ.

ವಿಂಡೋಸ್ ತಾನೇ ಇಂಟರ್ನೆಟ್ಟಿನಿಂದ ಸಮಯ ಸರಿ ಮಾಡಿಕೊಳ್ಳಬೇಕಿತ್ತು ಅಲ್ವಾ? ಮಾಡಿಕೊಳ್ಳುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ. ಮನೆಯ ಕಂಪ್ಯೂಟರಿನಲ್ಲಿ ಆ ಮಿತಿ ಮಾಮೂಲಾಗಿ 54,000 ಸೆಕೆಂಡ್, ಅಂದರೆ 15 ಗಂಟೆ. ವ್ಯತ್ಯಾಸ ಅದಕ್ಕಿಂತ ದೊಡ್ಡದಿದ್ದರೆ ಬಂದ ಸಮಯವನ್ನೇ ಅನುಮಾನಿಸಿ ಬಿಟ್ಟುಬಿಡುತ್ತದೆ. ಹಾಗಾಗಿ ದಿನಾಂಕವನ್ನು ಮೊದಲು ಕೈಯಿಂದ ಹಾಕಬೇಕು.

ಮಾರನೇ ದಿನ ಮಂಡಿಪೇಟೆ ಕಡೆ ಹೋದವಳು 40 ರೂಪಾಯಿಗೆ ಒಂದು ಸೆಲ್ ತಂದೆ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಕೈಯಲ್ಲಿನ ಸ್ಥಿರ ವಿದ್ಯುತ್ ಇಳಿಸಿಕೊಂಡೆ. ಹಳೇ ಸೆಲ್ ತೆಗೆದು ಮಲ್ಟಿಮೀಟರಿನಲ್ಲಿ ಅಳೆದರೆ 1.6 ವೋಲ್ಟ್. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವ ಹಾಗೆ ಕೂರಿಸಿದೆ. ಆನ್ ಮಾಡಿ, ವಿಂಡೋಸಿಗೂ ಮೊದಲು ಏಳುವ ಬಯೋಸ್ ಒಳಗೆ ಹೋಗಿ ದಿನಾಂಕ, ಸಮಯ ಹಾಕಿದೆ. ಸೆಲ್ ಸತ್ತಾಗ ಬಯೋಸಿನ ಬೇರೆ ಸೆಟ್ಟಿಂಗುಗಳೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿರಬಹುದು. ಹಾರ್ಡ್ ಡಿಸ್ಕಿನ ಮೋಡ್ ಬದಲಾಗಿದ್ದರೆ ವಿಂಡೋಸ್ ಏಳುವುದೇ ಇಲ್ಲ, ಅದನ್ನೂ ಒಮ್ಮೆ ನೋಡಿಕೊಂಡೆ.

ಆಮೇಲೆ ವಿಂಡೋಸಿನ ಪ್ರಾಕ್ಸಿ ಆಫ್ ಮಾಡಿದೆ. ಮೂರೂ ಬ್ರೌಸರಿನಲ್ಲಿ ಪುಟ ಬಂದವು. ಮಾವ ಕನ್ನಡಕ ಒರೆಸಿಕೊಂಡು ಕೂತು ಪ್ರೆಸ್ಸಿಗೆ ಮೇಲ್ ಮಾಡಿದರು. ಹೋಯಿತು. ನಾನೂ ಮನೆಗೆ ಹೋದೆ.

ಮೂರನೇ ದೋಷ

ಬೆಳಗ್ಗೆ ಏಳೂವರೆಗೆ ಮತ್ತೆ ಫೋನ್. "ಮತ್ತೆ ಬರ್ತಿಲ್ಲಮ್ಮ." ಈ ಸಲ ಕೆಳಗಿನ ಸಣ್ಣ ಸಾಲು ಓದಿ ಹೇಳಿ ಅಂದೆ. ಅವರು ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳುತ್ತಾ ಹೋದರು. ಪ್ರಾಕ್ಸಿ. ಗಡಿಯಾರ ಸರಿ ಇತ್ತು.

ಆಫ್ ಮಾಡಿದ್ದು ರಾತ್ರಿ ಕಳೆದು ಆನ್ ಆಗಿದೆ ಅಂದರೆ ಯಾರೋ ಆನ್ ಮಾಡುತ್ತಿದ್ದಾರೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಏನೂ ಇರಲಿಲ್ಲ. ನಿಗದಿ ಮಾಡಿದ ಕೆಲಸಗಳನ್ನು ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್ ತೆರೆದೆ. ಅಪ್‌ಡೇಟ್ ಅನ್ನೋ ಹೆಸರಿನ ವೇಷ ಹಾಕಿಕೊಂಡು ಒಂದು ಕೆಲಸ ಕೂತಿತ್ತು. ಲಾಗಿನ್ ಆದಾಗಲೆಲ್ಲ ಒಂದು ಸಣ್ಣ ಸ್ಕ್ರಿಪ್ಟ್ ಓಡಿಸಿ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಪ್ರಾಕ್ಸಿಯ ಬೆಲೆಯನ್ನು 0 ಇಂದ 1, ಅಂದರೆ ಆಫ್‌ನಿಂದ ಆನ್, ಮಾಡುವುದೇ ಅದರ ಕೆಲಸ. ಆಳನ್ನು ಓಡಿಸಿದ್ದರು, ಚೀಟಿ ನಾನು ಕಿತ್ತಿದ್ದೆ, ದಿನಾ ಬೆಳಗ್ಗೆ ಬಂದು ಹೊಸ ಚೀಟಿ ಅಂಟಿಸುವವನು ಉಳಿದಿದ್ದ. ಅದನ್ನೂ ಸ್ಕ್ರಿಪ್ಟನ್ನೂ ಅಳಿಸಿದೆ. ಎರಡು ಸಲ ರೀಸ್ಟಾರ್ಟ್ ಮಾಡಿ ನೋಡಿದೆ, ಪ್ರಾಕ್ಸಿ ಆಫ್ ಆಗಿಯೇ ಇತ್ತು.

ಇಷ್ಟಕ್ಕೆ ಬಿಡಲಿಲ್ಲ. ಆ ಪ್ರೋಗ್ರಾಂ ಬದುಕಿದ್ದ ಹತ್ತು ದಿನ ಬ್ರೌಸರಿನಿಂದ ಹೋದದ್ದೆಲ್ಲ ಅದರ ಕೈ ದಾಟಿ ಹೋಗಿದೆ. ಇಂಥವು ತಮ್ಮದೇ ಒಂದು ಮೂಲ ಪ್ರಮಾಣಪತ್ರವನ್ನು ವಿಂಡೋಸಿನ ನಂಬಿಕೆಯ ಪಟ್ಟಿಗೆ ಸೇರಿಸಿದರೆ, ಎಚ್‌ಟಿಟಿಪಿಎಸ್ ಒಳಗಿನ ಮಾತನ್ನೂ ಓದಬಹುದು. ಲೆನೊವೊ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿಕೊಟ್ಟಿದ್ದ ಸೂಪರ್‌ಫಿಶ್ ಹೀಗೇ ಮಾಡುತ್ತಿತ್ತು ಅಂತ 2015ರಲ್ಲಿ ಬಯಲಾಗಿ ದೊಡ್ಡ ಗಲಾಟೆ ಆಗಿತ್ತು. ಮಾವನ ಕಂಪ್ಯೂಟರಿನ ಪಟ್ಟಿಯಲ್ಲಿ ಅಂಥದ್ದು ಸಿಗಲಿಲ್ಲ. ಆದರೂ ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಎರಡನ್ನೂ ಅವರ ಕೈಯಿಂದಲೇ ಬದಲು ಮಾಡಿಸಿದೆ.

ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬನೇ ಹುಡುಗ, ಮೇಜಿನ ಮೇಲೆ ಹತ್ತು ಕಂಪ್ಯೂಟರ್. ಆದರೆ ಒಂದು ಮಾತು ಹೇಳಲೇಬೇಕು. ಫಾರ್ಮ್ಯಾಟ್ ಹೊಡೆದಿದ್ದರೆ ಪ್ರಾಕ್ಸಿ ಹೋಗುತ್ತಿತ್ತು, ಸ್ಕ್ರಿಪ್ಟೂ ಹೋಗುತ್ತಿತ್ತು. ಸೆಲ್ ಹಾಗೇ ಇರುತ್ತಿತ್ತು. ಮತ್ತೆ ಪ್ಲಗ್ ಕಿತ್ತ ದಿನ ಪುಟಗಳು ನಿಲ್ಲುತ್ತಿದ್ದವು. ಡೆಸ್ಕ್‌ಟಾಪಿನ ಮೇಲಿದ್ದ ಪದಗಳು ಮಾತ್ರ ಇರುತ್ತಿರಲಿಲ್ಲ.

ಮೂರು ವಾರ ಆದ ಮೇಲೆ ಮಾವ ಮತ್ತೆ ಫೋನ್ ಮಾಡಿದರು. ಧ್ವನಿಯಲ್ಲಿ ಗಾಬರಿ ಇರಲಿಲ್ಲ.

"ಪುಟ ಬರ್ತಿಲ್ಲಮ್ಮ. ಡೇಟಾ ಆಫ್ ಮಾಡಿ ಫೋನಿನಲ್ಲೂ ನೋಡಿದೆ, ಅದರಲ್ಲೂ ಇಲ್ಲ. ಪೆಟ್ಟಿಗೆ ಮೇಲೆ ಎಲ್‌ಒಎಸ್ ಅಂತ ಬರೆದಿರೋ ಕಡೆ ಕೆಂಪು ದೀಪ ಮಿಣಮಿಣ ಅಂತಿದೆ. ಬೀದಿ ತುದೀಲಿ ಬೆಳಗ್ಗೆಯಿಂದ ಚರಂಡಿ ಅಗೀತಿದಾರೆ. ಫೈಬರ್ ಕಡಿದಿರಬೇಕು ಅಲ್ವಾ?"

"ಹೌದು ಮಾವ, ಅದೇ ಇರಬೇಕು."

"ನೆಟ್ಟಿನವರಿಗೆ ಹೇಳಿದೀನಿ. ಕಂಪ್ಯೂಟರ್ ಮುಟ್ಟಿಲ್ಲ."